ಪರದೆ ಯಾರು ಹಾಕಬೇಕು?

ಗ್ರಾಂಟ್ ರೋಡ್ ಸ್ಟೇಷನ್ನಿನ ಪಶ್ಚಿಮದ ಕಡೆಯಿಂದ ನಾನಾ ಚೌಕಕ್ಕೆ ಒಂದು ಸ್ಕೈವಾಕ್ ಇದೆ. ಚೌಕದ ಮೇಲೆ ಅದು ಬಳೆಯ ಹಾಗೆ ಸುತ್ತಿಕೊಂಡು ಅಕ್ಕಪಕ್ಕದ ರಸ್ತೆಗಳಿಗೆ ಕೈ ಚಾಚುತ್ತದೆ. ಮಳೆಗಾಲದಲ್ಲಿ ನನಗೆ ಅದರಿಂದ ಉಪಕಾರವೇ ಆಗಿದೆ, ದೂರುವ ಮನಸ್ಸಿಲ್ಲ. ಆದರೆ ಅದರ ಮೇಲೆ ನಡೆಯುವಾಗ ಕಣ್ಣು ಎಲ್ಲಿಡಬೇಕು ಎನ್ನುವುದು ಪ್ರತಿ ಸಲದ ಪ್ರಶ್ನೆ. ರಸ್ತೆಯಲ್ಲಿ ನಡೆಯುವವರಿಗೆ ಕಾಣದ ಮೇಲಿನ ಮಹಡಿಯ ಕಿಟಕಿಗಳು ಅಲ್ಲಿ ನಮ್ಮ ಕಣ್ಣಿನ ಮಟ್ಟಕ್ಕೆ ಬಂದುಬಿಡುತ್ತವೆ. ಬನಿಯನ್ನಿನಲ್ಲಿ ಪೇಪರ್ ಓದುವ ಮುದುಕರು, ಒಣಹಾಕಿದ ಬಟ್ಟೆ, ಹಾರ ಹಾಕಿದ ಫೋಟೊ, ಅರ್ಧ ಊಟವಾದ ತಟ್ಟೆ. ನೋಡಬೇಕೆಂದು ನೋಡುವುದಲ್ಲ, ಕಾಣಿಸುತ್ತದೆ.

ಮುಂಬಯಿಯ ಮೊದಲ ಸ್ಕೈವಾಕ್ ಬಂದದ್ದು 2008ರಲ್ಲಿ, ಬಾಂದ್ರಾ ಪೂರ್ವದಲ್ಲಿ. ಆಮೇಲೆ ಊರ ತುಂಬ ಬಂದವು, ಬಂದಲ್ಲೆಲ್ಲ ಪಕ್ಕದ ಕಟ್ಟಡದವರು ಎತ್ತಿದ ತಕರಾರೂ ಬಂತು: ಹೋಗಿಬರುವವರೆಲ್ಲ ನಮ್ಮ ಮನೆಯೊಳಗೆ ಇಣುಕುತ್ತಾರೆ. ನಾನಾ ಚೌಕದ ನಿವಾಸಿಗಳೂ ಹಾಗೆಯೇ ವಿರೋಧಿಸಿದ್ದರು. ಅದಕ್ಕೂ ಮೊದಲು, 2002ರಲ್ಲಿ, ಮಹಮ್ಮದ್ ಅಲಿ ರಸ್ತೆಯ ಮೇಲೆ ಜೆ.ಜೆ. ಫ್ಲೈಓವರ್ ಬಂದಾಗ ಅಲ್ಲಿನ ಮಹಡಿಗಳ ಕಿಟಕಿಗಳಿಗೂ ಇದೇ ಗತಿ. ಇಂಥ ತಕರಾರು ಬಂದಾಗಲೆಲ್ಲ ಉಳಿದ ಊರಿನವರು ಹೇಳುವ ಮಾತು ಒಂದಿದೆ. "ಇಷ್ಟಕ್ಕೆಲ್ಲ ಯಾಕೆ ಗಲಾಟೆ? ಒಂದು ಪರದೆ ಹಾಕಿಕೊಂಡರೆ ಆಯಿತಲ್ಲ!"

ಈ ಮಾತು ಕೇಳಲು ಬಹಳ ಸಲೀಸು. ಆದರೆ ಅದರೊಳಗೆ ಒಂದು ತೀರ್ಪು ಅಡಗಿ ಕೂತಿದೆ. ನೋಡುವವನಿಗೆ ಕೆಲಸವಿಲ್ಲ, ನೋಡಿಸಿಕೊಳ್ಳುವವನಿಗೆ ಕೆಲಸ. ದುಡ್ಡು ಅವನದು, ಕತ್ತಲೆಯೂ ಅವನದು. ಈ ತೀರ್ಪು ಸರಿಯೇ ಎಂಬ ಪ್ರಶ್ನೆ ಎರಡು ವರ್ಷದ ಹಿಂದೆ ನಮ್ಮ ಮನೆಗೂ ಬಂತು.

ನಾವಿರುವುದು ಸ್ಟೇಷನ್ನಿಗೆ ಹತ್ತಿರದ ಒಂದು ಗಲ್ಲಿಯಲ್ಲಿ, ಹಳೆಯ ಕಟ್ಟಡದ ಮೂರನೆಯ ಮಹಡಿಯಲ್ಲಿ. ಹಾಲಿಗೆ ಒಂದೇ ದೊಡ್ಡ ಕಿಟಕಿ. ಎದುರಿಗೆ ಒಂದು ಚಾಳು ಇತ್ತು: ಉದ್ದದ ಗ್ಯಾಲರಿ, ಸಾಲು ಬಾಗಿಲುಗಳು, ಬೆಳಗಿನಿಂದ ರಾತ್ರಿಯವರೆಗೆ ತೆರೆದೇ ಇರುವ ಆ ಬಾಗಿಲುಗಳಿಗೆ ಒಂದೊಂದು ತೆಳ್ಳನೆ ಬಟ್ಟೆ. ಅಪ್ಪ ಹೋದ ಮೇಲೆ ಗದಗದಿಂದ ನಮ್ಮ ಹತ್ತಿರ ಬಂದ ಅವ್ವ, ಆ ಕಿಟಕಿಯ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಎಂಟು ವರ್ಷ ಕಳೆದಳು. ಎದುರಿನ ಗ್ಯಾಲರಿಯಲ್ಲಿ ಒಬ್ಬ ಮರಾಠಿ ಆಜಿ. ಅವ್ವನಿಗೆ ಮರಾಠಿ ಬಾರದು, ಆಜಿಗೆ ಕನ್ನಡ ಬಾರದು. ಆದರೂ ಏಳು ಗಂಟೆಯ ಹೊತ್ತಿಗೆ ಅವ್ವ ಕಿಟಕಿಯಲ್ಲಿ ಕಾಣದಿದ್ದರೆ ಆಜಿ ಆಚೆಯಿಂದ "ಕಾಯ್ ಝಾಲಂ?" ಎಂದು ಕೂಗುತ್ತಿದ್ದಳು. ಕಿಟಕಿಗೆ ಒಂದು ಕರ್ಟನ್ ಹಾಕೋಣವೆಂದು ನನ್ನ ಹೆಂಡತಿ ಆಗಲೇ ಹೇಳಿದ್ದುಂಟು. ಅವ್ವ ಒಪ್ಪಲಿಲ್ಲ. "ನೋಡಿದ್ರ ನೋಡ್ಲಿ ಬಿಡಪಾ, ನಾವೇನ್ ಕಳವು ಮಾಡಾಕತ್ತೀವೇನು?"

ಅವ್ವನ ಈ ಮಾತನ್ನು ಈಗಿನ ಕಾಲದ ದೊಡ್ಡ ಕಂಪನಿಗಳೂ ಸರ್ಕಾರಗಳೂ ಬೇರೆ ಧಾಟಿಯಲ್ಲಿ ಹೇಳುತ್ತಿರುತ್ತವೆ. ತಪ್ಪು ಮಾಡದವನಿಗೆ ಮುಚ್ಚಿಡುವುದು ಏನಿದೆ ಎಂದು. ಅವ್ವ ಹೇಳಿದಾಗ ಅದು ಉದಾರವಾದ ಮಾತು. ಅವರು ಹೇಳಿದಾಗ ಯಾಕೆ ಬೆನ್ನು ತಣ್ಣಗಾಗುತ್ತದೆ? ಎರಡೂ ಒಂದೇ ವಾಕ್ಯವಲ್ಲವೇ?

ಉತ್ತರ ಸಿಕ್ಕಿದ್ದು ಚಾಳು ಬಿದ್ದ ಮೇಲೆ. ಮುಂಬಯಿಯ ಹಳೆಯ ಕಟ್ಟಡಗಳ ಕಥೆ ನಿಮಗೆ ಗೊತ್ತೇ ಇದೆ. ಬಿಲ್ಡರ್ ಬಂದ, ಚಾಳು ಹೋಯಿತು, ಕೆಳಗೆ ಕೆಲವು ಮಹಡಿ ಪಾರ್ಕಿಂಗ್, ಅದರ ಮೇಲೆ ಆಕಾಶದವರೆಗೆ ಗಾಜು. ನಾವು ಮೂರನೆಯ ಮಹಡಿಯವರು, ಅವರೆಲ್ಲ ನಮಗಿಂತ ಮೇಲೆ. ಗಾಜಿಗೆ ಹಗಲು ಹೊತ್ತು ಕನ್ನಡಿಯ ಗುಣ, ಅದರಲ್ಲಿ ಮೋಡ ಕಾಣುತ್ತದೆಯೇ ಹೊರತು ಮನುಷ್ಯರು ಕಾಣುವುದಿಲ್ಲ. ಹಳೆಯ ಬಾಡಿಗೆದಾರರಿಗೂ ಹೊಸ ಕಟ್ಟಡದಲ್ಲಿ ಜಾಗ ಕೊಟ್ಟಿದ್ದಾರೆ, ಆ ಆಜಿಗೂ ಮೇಲೆಲ್ಲೋ ಮನೆ ಸಿಕ್ಕಿದೆಯಂತೆ. ಅಷ್ಟು ಗಾಜುಗಳಲ್ಲಿ ಅವಳದು ಯಾವುದು ಎಂದು ಅವ್ವನಿಗೆ ಇವತ್ತಿಗೂ ಗೊತ್ತಾಗಿಲ್ಲ.

ಒಂದು ದಿನ ಅವ್ವ ತಾನಾಗಿಯೇ ಕಿಟಕಿಗೆ ಏನಾದರೂ ಹಾಕಿಸು ಎಂದಳು. ಆಗ ಬೇಡ ಎಂದವಳು ಈಗ ಯಾಕೆ ಎಂದು ಕೇಳಿದೆ. "ಆಗ ನೋಡೋರ ಮಾರಿ ಕಾಣ್ತಿತ್ತು. ಈಗ ಯಾರು ನೋಡಾಕತ್ತಾರಂತನ ತಿಳಿಯಂಗಿಲ್ಲ."

ಖಾಸಗಿತನದ ಬಗ್ಗೆ ನಾನು ಓದಿರುವುದರಲ್ಲಿ ಇದಕ್ಕಿಂತ ಚೊಕ್ಕವಾದ ಮಾತು ನೆನಪಾಗುತ್ತಿಲ್ಲ. ನೋಡಿಸಿಕೊಳ್ಳುವುದರಲ್ಲಿ ಅನ್ಯಾಯವಿಲ್ಲ. ನೋಡುವವನ ಮುಖ ನಮಗೆ ಕಾಣದಿರುವುದರಲ್ಲಿ ಅನ್ಯಾಯವಿದೆ.

ಸರಿ, ಬ್ಲೈಂಡ್ಸ್ ಹಾಕಿಸೋಣವೆಂದು ಹೊರಟೆ. ಅಂಗಡಿಯವನು ಮೊದಲು ಕೇಳಿದ್ದು, "ಸಾಬ್, ಉಜಾಲಾ ಚಾಹಿಯೇ ಕಿ ಪ್ರೈವೆಸಿ?" ಬೆಳಕೋ, ಮರೆಯೋ, ಒಂದನ್ನು ಆರಿಸಿ. ಬ್ಲೈಂಡುಗಳ ಇಡೀ ಉದ್ಯಮ ನಿಂತಿರುವುದು ಈ ಎರಡರ ನಡುವಿನ ಚೌಕಾಸಿಯ ಮೇಲೆ. ಎಂ.ಟೆಕ್ ಮಾಡಿದವನ ಚಾಳಿ, ಒಂದೊಂದನ್ನೂ ಎಳೆದು, ತಿರುಗಿಸಿ, ಮೇಲಿನ ಪೆಟ್ಟಿಗೆ ಬಿಚ್ಚಿಸಿ ನೋಡಿದೆ. ಅಂಗಡಿಯವನಿಗೆ ನಾನು ಗಿರಾಕಿಯೋ ಪ್ರತಿಸ್ಪರ್ಧಿಯೋ ಎಂಬ ಅನುಮಾನ ಬಂದಿರಬೇಕು.

ರೋಲರ್ ಬ್ಲೈಂಡ್ ಎಂದರೆ ಕೊಳವೆಗೆ ಸುತ್ತಿದ ಬಟ್ಟೆ. ಸ್ಪ್ರಿಂಗ್ ಇರುವ ಜಾತಿಯಲ್ಲಿ, ಬಟ್ಟೆ ಇಳಿಸಿದಾಗ ಕೊಳವೆಯೊಳಗಿನ ಸ್ಪ್ರಿಂಗ್ ಬಿಗಿಯಾಗುತ್ತದೆ. ನಿಧಾನವಾಗಿ ಬಿಟ್ಟರೆ ಒಳಗಿನ ಸಣ್ಣ ಕೊಕ್ಕೆ ಹಲ್ಲಿಗೆ ಸಿಕ್ಕಿ ಅಲ್ಲೇ ನಿಲ್ಲುತ್ತದೆ. ಥಟ್ಟನೆ ಎಳೆದು ಬಿಟ್ಟರೆ ಕೊಳವೆ ತಿರುಗುವ ರಭಸಕ್ಕೆ ಕೊಕ್ಕೆ ಹೊರಕ್ಕೆ ಸರಿದು, ಬಟ್ಟೆ ಸರ್ರನೆ ಮೇಲೆ ಹೋಗುತ್ತದೆ. ಬಟ್ಟೆಯಲ್ಲಿ ಬೆಳಕನ್ನು ಪೂರ್ತಿ ತಡೆಯುವ ಬ್ಲ್ಯಾಕೌಟ್ ಇದೆ, ನೂರಕ್ಕೆ 3 ಪಾಲೋ 5 ಪಾಲೋ ತೂತು ಬಿಟ್ಟು ನೇಯ್ದ ಸನ್‌ಸ್ಕ್ರೀನ್ ಇದೆ. ರೋಮನ್ ಎಂದರೆ ಮಡಿಕೆ ಮಡಿಕೆಯಾಗಿ ಏರುವ ಬಟ್ಟೆ, ನೋಡಲು ಚಂದ, ಧೂಳಿಗೆ ಇನ್ನೂ ಚಂದ. ಉದ್ದುದ್ದ ಪಟ್ಟಿಯ ವರ್ಟಿಕಲ್ ನಮ್ಮ ಆಫೀಸುಗಳಲ್ಲಿ ನೋಡಿ ನೋಡಿ ಸಾಕಾಗಿದೆ. ಜೀಬ್ರಾ ಎಂಬುದರಲ್ಲಿ ಪಾರದರ್ಶಕ ಪಟ್ಟೆ, ಗಟ್ಟಿ ಪಟ್ಟೆ ಒಂದರ ನಂತರ ಒಂದು ಬರುವ ಎರಡು ಪದರ. ಗಟ್ಟಿಗೆ ಗಟ್ಟಿ ಎದುರಾದರೆ ಬೆಳಕು, ಗಟ್ಟಿಗೆ ತೆಳು ಎದುರಾದರೆ ಮರೆ. ಜೇನುಗೂಡಿನಂಥ ಕೋಣೆಗಳಲ್ಲಿ ಗಾಳಿ ಹಿಡಿದಿಟ್ಟು ಬಿಸಿ-ಚಳಿ ತಡೆಯುವುದೊಂದಿದೆ, ಅದು ಚಳಿ ಊರಿನವರಿಗೆ. ಇವೆಲ್ಲಕ್ಕೂ ಮೊದಲಿನದು ಬಿದಿರಿನ ಚಿಕ್. ನಮ್ಮ ಕಡೆ ಬೇಸಿಗೆಯಲ್ಲಿ ನೀರು ಚಿಮುಕಿಸಿ ಕಟ್ಟುತ್ತಿದ್ದ ಲಾವಂಚದ ತಟ್ಟಿಯೂ ಇದರ ಬಳಗವೇ, ಮರೆಯ ಜೊತೆಗೆ ತಂಪೂ ಪರಿಮಳವೂ ಬಿಟ್ಟಿ.

ನಾನು ಆರಿಸಿದ್ದು ಅಡ್ಡ ಪಟ್ಟಿಗಳ ವೆನೀಶಿಯನ್, ಹಳೆಯ ಸಿನಿಮಾಗಳ ಪೊಲೀಸ್ ಕಮಿಷನರ್ ಕೋಣೆಯಲ್ಲಿ ಇರುತ್ತದಲ್ಲ, ಅದು. ಇದರಲ್ಲಿ ಎರಡು ಕೆಲಸಕ್ಕೆ ಎರಡು ದಾರ. ಎತ್ತುವ ದಾರ ಪ್ರತಿ ಪಟ್ಟಿಯ ತೂತಿನಿಂದ ಇಳಿದು ತಳದ ಕಂಬಿಗೆ ಕಟ್ಟಿರುತ್ತದೆ. ಎಳೆದರೆ ಕೆಳಗಿನಿಂದ ಪಟ್ಟಿಗಳು ಒಂದರ ಮೇಲೊಂದು ಕೂಡುತ್ತ ಮೇಲೇರುತ್ತವೆ. ಇನ್ನೊಂದು ಏಣಿಯಂಥ ದಾರ. ಎರಡು ನೂಲುಗಳ ನಡುವೆ ಅಡ್ಡ ನೂಲಿನ ಮೆಟ್ಟಿಲು, ಮೆಟ್ಟಿಲಿಗೊಂದು ಪಟ್ಟಿ ಮಲಗಿರುತ್ತದೆ. ಕೈಯಲ್ಲಿನ ಕಡ್ಡಿ ತಿರುಗಿಸಿದರೆ ಮೇಲಿನ ಪೆಟ್ಟಿಗೆಯ ವರ್ಮ್ ಗೇರ್ ಒಂದು ಉರುಳೆಯನ್ನು ತಿರುಗಿಸಿ, ಏಣಿಯ ಒಂದು ಬದಿಯನ್ನು ಎತ್ತುತ್ತದೆ, ಇನ್ನೊಂದನ್ನು ಇಳಿಸುತ್ತದೆ. ಎಲ್ಲ ಪಟ್ಟಿಗಳೂ ಒಟ್ಟಿಗೆ ಓರೆಯಾಗುತ್ತವೆ. ವರ್ಮ್ ಗೇರಿನ ಗುಣವೇನೆಂದರೆ ಕಡ್ಡಿ ಪಟ್ಟಿಯನ್ನು ತಿರುಗಿಸಬಲ್ಲದು, ಪಟ್ಟಿ ಕಡ್ಡಿಯನ್ನು ತಿರುಗಿಸಲಾರದು. ಹಾಗಾಗಿ ಇಟ್ಟ ಓರೆ ಇಟ್ಟಲ್ಲೇ ಇರುತ್ತದೆ. ಪಟ್ಟಿಗಳ ಓರೆ ಹೊಂದಿಸುವ ಉಪಾಯಕ್ಕೆ 1841ರಲ್ಲಿ ನ್ಯೂ ಆರ್ಲಿಯನ್ಸಿನ ಜಾನ್ ಹ್ಯಾಂಪ್ಸನ್ ಎಂಬವರು ಪೇಟೆಂಟ್ ಪಡೆದರು. (ಮನೆಯಲ್ಲಿ ಸಣ್ಣ ಮಕ್ಕಳಿದ್ದರೆ ಜೋತುಬಿದ್ದ ದಾರವಿರುವ ಬ್ಲೈಂಡು ಬೇಡ, ಕೊರಳಿಗೆ ಸುತ್ತಿಕೊಂಡು ಜೀವ ಹೋದದ್ದಿದೆ. ಅಂಗಡಿಯಲ್ಲಿ ಸಿದ್ಧವಾಗಿ ಸಿಗುವ ಬ್ಲೈಂಡುಗಳಲ್ಲಿ ಇಂಥ ದಾರ ಇರಕೂಡದೆಂದು ಅಮೆರಿಕದ ಸುರಕ್ಷತಾ ಮಾನದಂಡ 2018ರಲ್ಲೇ ಹೇಳಿತು.)

ಈಗ ಓರೆಯ ವಿಷಯಕ್ಕೆ ಬರೋಣ, ಏಕೆಂದರೆ ನನ್ನ ತಲೆಯಲ್ಲಿ ಹುಳ ಬಿಟ್ಟದ್ದು ಅದೇ. ಪಟ್ಟಿಯ ಹೊರ ಅಂಚು ಮೇಲಾಗಿ ಒಳ ಅಂಚು ಕೆಳಗಾದರೆ, ಮೇಲಿನವರಿಗೆ ನಮ್ಮ ನೆಲ ಕಾಣುತ್ತದೆ, ನಮಗೆ ಆಕಾಶ ಕಾಣುತ್ತದೆ. ಹೊರ ಅಂಚು ಕೆಳಗಾಗಿ ಒಳ ಅಂಚು ಮೇಲಾದರೆ, ಮೇಲಿನವರಿಗೆ ಏನೂ ಕಾಣುವುದಿಲ್ಲ. ಬೀದಿಯವರು ತಲೆ ಎತ್ತಿದರೆ ನಮ್ಮ ಸೂರು, ಫ್ಯಾನು ಕಂಡೀತು. ನಮಗೆ ಮಾತ್ರ ಬೀದಿ ಪೂರ್ತಿ ಕಾಣುತ್ತದೆ. ಎದುರಿನ ಟವರಿನಿಂದ ಮರೆಯಾಗಲು ನಮಗೆ ಬೇಕಾದದ್ದು ಈ ಎರಡನೆಯ ಓರೆ. ಮೇಲಿನವರಿಂದ ರಕ್ಷಣೆ ಸಿಗುವ ಅದೇ ಕೋನದಲ್ಲಿ ಕೆಳಗಿನವರನ್ನು ನೋಡುವ ಸೌಕರ್ಯವೂ ಸಿಗುತ್ತದೆ. ಒಂದೇ ಕಡ್ಡಿ, ಒಂದೇ ತಿರುವು.

ಇದಕ್ಕೆ ಬೆಳಕಿನ ನಿಯಮವೂ ಸೇರಿಕೊಳ್ಳುತ್ತದೆ. ತೂತಿರುವ ಯಾವ ಮರೆಯಲ್ಲಾದರೂ ಕತ್ತಲಲ್ಲಿ ಇರುವವನು ನೋಡುತ್ತಾನೆ, ಬೆಳಕಲ್ಲಿ ಇರುವವನು ನೋಡಿಸಿಕೊಳ್ಳುತ್ತಾನೆ. ಬೇಲೂರಿನ ಗುಡಿಯ ಜಾಲಂದ್ರಗಳ ಒಳಗೆ ನಿಂತು ನೋಡಿ: ಹೊರಗಿನ ಅಂಗಳ ಚೆನ್ನಾಗಿ ಕಾಣುತ್ತದೆ, ಅಂಗಳದಲ್ಲಿ ನಿಂತವರಿಗೆ ನೀವು ಕಾಣುವುದಿಲ್ಲ. ರಾತ್ರಿ ಒಳಗೆ ದೀಪ ಹಚ್ಚಿದರೆ ಲೆಕ್ಕ ತಿರುಗುಮುರುಗು. ಸಂಜೆ ಟ್ಯೂಬ್‌ಲೈಟ್ ಹಾಕಿದ ಕ್ಷಣಕ್ಕೆ ನಮ್ಮ ಮನೆಗಳು ನಾಟಕದ ರಂಗವಾಗುವುದು ಹೀಗೆ. ಕಿಟಕಿಗೆ ಸಂಸ್ಕೃತದವರು ಗವಾಕ್ಷ, ಅಂದರೆ ಗೋವಿನ ಕಣ್ಣು, ಎಂದರು. ಇಂಗ್ಲಿಷಿನ ವಿಂಡೋ ಎಂಬ ಮಾತಿನ ಮೂಲದಲ್ಲೂ ಗಾಳಿಯ ಕಣ್ಣು ಎಂಬ ಅರ್ಥವಿದೆ. ಕಣ್ಣಿಗೆ ಹಾಕುವ ಮರೆಗೆ ಬ್ಲೈಂಡ್, ಕುರುಡು, ಎಂದು ಹೆಸರಿಟ್ಟದ್ದು ಸಹಜ. ಆದರೆ ಕುರುಡಾಗುವುದು ಒಂದೇ ಬದಿ. ಫ್ರೆಂಚರು ಹೆಚ್ಚು ಪ್ರಾಮಾಣಿಕರು: ಪಟ್ಟಿಗಳ ಬ್ಲೈಂಡಿಗೆ ಅವರ ಮಾತು ಜಲೂಸಿ, ಹೊಟ್ಟೆಕಿಚ್ಚು, ಶಂಕೆ. ಬಚ್ಚಿಟ್ಟುಕೊಂಡು ನೋಡುವವನ ಮನಸ್ಸಿನ ಹೆಸರನ್ನೇ ಸಾಮಾನಿಗೂ ಇಟ್ಟರು.

ಈ ಏಕಮುಖ ನೋಟವನ್ನು ಒಂದು ಯಂತ್ರದಂತೆ ಯೋಚಿಸಿದವನು ಜೆರೆಮಿ ಬೆಂಥಮ್. 1787ರಲ್ಲಿ ಬರೆದ ಪತ್ರಗಳಲ್ಲಿ ಅವನು ಪ್ಯಾನಾಪ್ಟಿಕಾನ್ ಎಂಬ ವೃತ್ತಾಕಾರದ ಸೆರೆಮನೆಯ ನಕ್ಷೆ ಕೊಟ್ಟ. ಸುತ್ತಲೂ ಹೊರಗಿನಿಂದ ಬೆಳಕು ಬೀಳುವ ಕೋಣೆಗಳು, ನಡುವೆ ಕಾವಲುಗಾರನ ಗೂಡು. ಎಲ್ಲರೂ ಗೋಪುರವನ್ನೇ ನೆನಪಿಟ್ಟುಕೊಳ್ಳುತ್ತಾರೆ. ಆದರೆ ಆ ಯೋಜನೆ ನಡೆಯಲು ಅವನು ಮರೆಯದೆ ಸೇರಿಸಿದ ಸಾಮಾನು ಇನ್ನೊಂದಿತ್ತು: ಕಾವಲುಗಾರನ ಕಿಟಕಿಗಳಿಗೆ ಬ್ಲೈಂಡ್. ಅದಿಲ್ಲದಿದ್ದರೆ ಕಾವಲುಗಾರ ಊಟಕ್ಕೆ ಹೋದದ್ದು ಕೈದಿಗಳಿಗೆ ಗೊತ್ತಾಗಿಬಿಡುತ್ತಿತ್ತು. ಅದಿದ್ದರೆ ಅವನು ಇಲ್ಲದಾಗಲೂ ಇದ್ದಂತೆಯೇ.

ಆ ಗೂಡಿನಲ್ಲಿ ಕೂರುವ ಅವಕಾಶ ನನ್ನಂಥ ಪ್ರಾಜೆಕ್ಟ್ ಮ್ಯಾನೇಜರುಗಳಿಗೆ 2020ರಲ್ಲಿ ಬಂತು. ಎಲ್ಲರೂ ಮನೆಯಿಂದ ಕೆಲಸ ಮಾಡುತ್ತಿದ್ದ ಕಾಲ. ಒಬ್ಬ ಕ್ಲೈಂಟ್, ತಂಡದವರ ಲ್ಯಾಪ್‌ಟಾಪ್ ಪರದೆಯ ಚಿತ್ರವನ್ನು ಹತ್ತು ನಿಮಿಷಕ್ಕೊಮ್ಮೆ ಹಿಡಿಯುವ ಸಾಫ್ಟ್‌ವೇರ್ ಹಾಕಿ ಎಂದ. ಕಾರಣ ನಿಮಗೆ ಗೊತ್ತು, ಕೆಲಸ ಮಾಡುವವರಿಗೆ ಮುಚ್ಚಿಡಲು ಏನಿದೆ. ನಾನು ಒಂದೇ ಷರತ್ತು ಕೇಳಿದೆ: ಚಿತ್ರಗಳನ್ನು ಯಾರು, ಯಾವಾಗ ತೆಗೆದು ನೋಡಿದರು ಎಂಬ ವಿವರ ತಂಡದ ಪ್ರತಿಯೊಬ್ಬರಿಗೂ ಕಾಣಬೇಕು. ಅದು ಆ ಸಾಫ್ಟ್‌ವೇರಿನಲ್ಲಿ ಆಗುವುದಿಲ್ಲ ಎಂದರು. ಎರಡು ಮೂರು ಕಾಲ್ ಆದ ಮೇಲೆ ನನ್ನ ತಂಡದ ಮಟ್ಟಿಗೆ ಮಾತು ತಣ್ಣಗಾಯಿತು. ಬೇರೆ ಎರಡು ತಂಡಗಳಲ್ಲಿ ಅದು ಬಂತು, ಇನ್ನೂ ಇದೆ. ಆಗ ನನ್ನ ಷರತ್ತಿಗೆ ನನ್ನ ಬಳಿ ಒಳ್ಳೆಯ ಹೆಸರಿರಲಿಲ್ಲ. ಈಗ ಇದೆ. ನೋಡೋರ ಮಾರಿ ಕಾಣಬೇಕು.

ಮನೆಯಲ್ಲಿ ತಕರಾರು ಬಂದದ್ದು ನಾನು ಊಹಿಸದ ದಿಕ್ಕಿನಿಂದ. ಕಾಲೇಜಿಗೆ ಹೋಗುವ ಮಗಳು ಬ್ಲೈಂಡೇ ಬೇಡ ಎಂದಳು. "ಅವರು ನೋಡ್ತಾರಂತ ನಾ ಯಾಕ ಹಗಲೊತ್ತಿನ್ಯಾಗ ಟ್ಯೂಬ್‌ಲೈಟ್ ಹಚ್ಕೊಂಡು ಕೂಡ್ಲಿ?" ಮುಚ್ಚಿಕೋ ಎಂದು ಹೆಣ್ಣುಮಕ್ಕಳಿಗೆ ಮಾತ್ರ ಹೇಳುತ್ತ ಬಂದ ಊರಿನಲ್ಲಿ ಇದು ಕಿಟಕಿಯೊಂದರದೇ ಪ್ರಶ್ನೆಯಲ್ಲ.

ಅವಳ ಕಡೆಗೆ ಕಾನೂನಿನ ಬಲವೂ ಸ್ವಲ್ಪ ಇದೆ. 1882ರ ಭಾರತೀಯ ಈಸ್‌ಮೆಂಟ್ಸ್ ಕಾಯ್ದೆ, ಊರ ರೂಢಿಯಿಂದ ಬರುವ ಹಕ್ಕಿಗೆ ಕೊಡುವ ಉದಾಹರಣೆಗಳಲ್ಲಿ ಒಂದು ಕಿಟಕಿಯದೇ: ಇಂಥ ರೂಢಿ ಇರುವ ಊರಿನಲ್ಲಿ, ನೆರೆಯವನ ಮನೆಯ ಒಳಭಾಗ ಕಾಣುವಂತೆ ಹೊಸ ಕಿಟಕಿ ತೆಗೆಯುವಂತಿಲ್ಲ. 1888ರಲ್ಲಿ ಅಲಹಾಬಾದ್ ಹೈಕೋರ್ಟು ಗೋಕಲ್ ಪ್ರಸಾದ್ ಮತ್ತು ರಾಧೋ ನಡುವಿನ ವ್ಯಾಜ್ಯದಲ್ಲಿ ಇಂಥ ಹಕ್ಕನ್ನು ಎತ್ತಿಹಿಡಿಯಿತು. ಅಂದರೆ ಹೊಣೆ ಕಿಟಕಿ ತೆಗೆಯುವವನದು, ಪರದೆ ಹಾಕುವವನದಲ್ಲ. ಆದರೆ ಆ ಹಕ್ಕು ಹುಟ್ಟಿದ್ದು ಹೆಂಗಸರನ್ನು ಒಳಗಿಡುವ ಪರ್ದಾ ಪದ್ಧತಿಯಿಂದ. ನೋಡಬೇಡಿ ಎಂದದ್ದು ಅವಳ ಸಲುವಾಗಿಯೋ ಮನೆಯ ಗಂಡಸರ ಮಾನದ ಸಲುವಾಗಿಯೋ ಹೇಳುವುದು ಕಷ್ಟ. ಖಾಸಗಿತನ ಒಬ್ಬ ವ್ಯಕ್ತಿಯ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಹೇಳಲು 2017ರ ಆಗಸ್ಟ್ 24 ಬರಬೇಕಾಯಿತು. ಆ ಅರ್ಜಿ ಹಾಕಿದವರು ನಮ್ಮವರೇ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆಧಾರ್ ವಿರುದ್ಧ ಅವರು ಕೋರ್ಟಿಗೆ ಹೋದದ್ದು 2012ರಲ್ಲಿ, ಎಂಬತ್ತು ದಾಟಿದ ಮೇಲೆ.

ಮಗಳ ಪ್ರಶ್ನೆಯನ್ನೇ ಲಂಡನ್ನಿನಲ್ಲಿ ಕೆಲವು ಫ್ಲ್ಯಾಟಿನವರು ಕೇಳಿದರು. ಟೇಟ್ ಮಾಡರ್ನ್ ಕಲಾಸಂಗ್ರಹಾಲಯ 2016ರಲ್ಲಿ ತನ್ನ ಹೊಸ ಕಟ್ಟಡದ ಹತ್ತನೆಯ ಮಹಡಿಯಲ್ಲಿ ಊರು ನೋಡುವ ಗ್ಯಾಲರಿ ತೆರೆಯಿತು. ಎದುರಿಗೆ ಗಾಜಿನ ಗೋಡೆಯ ದುಬಾರಿ ಮನೆಗಳು. ಬಂದವರೆಲ್ಲ ಆ ಮನೆಗಳೊಳಗೆ ನೋಡತೊಡಗಿದರು, ಫೋಟೊ ತೆಗೆದರು. 2019ರಲ್ಲಿ ಕೆಳಗಿನ ಕೋರ್ಟು ಹೇಳಿದ್ದು, ನೀವೇ ಬ್ಲೈಂಡ್ ಇಳಿಸಿಕೊಳ್ಳಬಹುದಲ್ಲ ಎಂದು. ನಾನಾ ಚೌಕದವರಿಗೆ ಸಿಕ್ಕ ಬುದ್ಧಿಮಾತೇ. 2023ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಅದನ್ನು ತಳ್ಳಿಹಾಕಿ, ಮೂರಕ್ಕೆ ಎರಡರ ಬಹುಮತದಲ್ಲಿ, ಮನೆಯವರ ಪರ ತೀರ್ಪು ಕೊಟ್ಟಿತು. ತೊಂದರೆ ಕೊಟ್ಟವನು ಸರಿಪಡಿಸಲಿ, ತೊಂದರೆ ಪಟ್ಟವನಿಗೇ ಕತ್ತಲಲ್ಲಿ ಇರು ಎನ್ನಬಾರದು. ಮೂರಕ್ಕೆ ಎರಡು ಎಂಬುದನ್ನು ಮಾತ್ರ ಮರೆಯಬೇಡಿ. ಪ್ರಶ್ನೆ ಅಷ್ಟು ಸುಲಭದ್ದಲ್ಲ.

ನನಗೆ ಮಗಳ ವಾದ ಸರಿ ಎನ್ನಿಸುತ್ತದೆ, ಅವ್ವನ ಕುರ್ಚಿಯೂ ಕಣ್ಣಿಗೆ ಬೀಳುತ್ತದೆ. ಅವ್ವ ಹುಟ್ಟಿ ಬೆಳೆದ ಮಾಳಿಗೆ ಮನೆಯಲ್ಲಿ ಈ ಜಗಳಕ್ಕೇ ಆಸ್ಪದವಿರಲಿಲ್ಲ. ಬಂದವರು ಕಟ್ಟೆಯವರೆಗೆ, ಬೇಕಾದವರು ಪಡಸಾಲೆಯವರೆಗೆ. ಅಡಿಗೆಮನೆಗೆ ಬೀದಿಯ ಕಡೆ ಕಿಟಕಿಯೇ ಇಲ್ಲ, ಮಾಳಿಗೆಯ ಬೆಳಕಿಂಡಿಯಿಂದ ಬೆಳಕು ಬೀಳುತ್ತಿತ್ತು. ಬೆಳಕೂ ಇತ್ತು, ಮರೆಯೂ ಇತ್ತು. ಒಂದನ್ನು ಆರಿಸಿ ಎಂದು ಯಾರೂ ಕೇಳಿರಲಿಲ್ಲ. ಗೋಡೆ ಕಟ್ಟಿದವನೇ ಆ ವಿಚಾರವನ್ನು ಮಾಡಿ ಮುಗಿಸಿದ್ದ. ಇಲ್ಲಿ ಅದನ್ನು ನಾವು ದಿನಾ ಬೆಳಿಗ್ಗೆ ಕಡ್ಡಿ ತಿರುಗಿಸಿ ಮಾಡಬೇಕು.

ಕೊನೆಗೆ ಬ್ಲೈಂಡ್ ಬಂತು, ನಾನು ಹೇಳಿದ ಓರೆಯೂ ಬಂತು. ಟವರು ಮಾಯವಾಯಿತು. ಪಟ್ಟಿಗಳ ಸಂದಿಯಲ್ಲಿ ಉಳಿದದ್ದು ಕೆಳಗಿನ ಫುಟ್‌ಪಾತು. ಗಲ್ಲಿಯ ತುದಿಯಲ್ಲಿ, ನೀಲಿ ಪ್ಲಾಸ್ಟಿಕ್ ಹಾಳೆ ಕಟ್ಟಿಕೊಂಡು ಒಂದು ಕುಟುಂಬ ಇದೆ, ನಾವು ಈ ಮನೆಗೆ ಬರುವುದಕ್ಕೂ ಮೊದಲಿನಿಂದ. ಅವರ ಅಡಿಗೆ, ಜಗಳ, ನಿದ್ದೆ ಎಲ್ಲ ಬಯಲಿನಲ್ಲಿ. ಪರದೆ ಹಾಕಿಕೊಳ್ಳಿ ಎನ್ನಲು ಅವರಿಗೆ ಕಿಟಕಿಯೇ ಇಲ್ಲ. ಈ ಊರಿನ ಜನ ಅವರಿಗೆ ಕೊಟ್ಟಿರುವ ಪರದೆ ಒಂದೇ, ಕಂಡೂ ಕಾಣದ ಹಾಗೆ ಹೋಗುವುದು. ಎರ್ವಿಂಗ್ ಗಾಫ್‌ಮನ್ ಎಂಬ ಸಮಾಜಶಾಸ್ತ್ರಜ್ಞ 1963ರ ಪುಸ್ತಕವೊಂದರಲ್ಲಿ ಈ ನಡವಳಿಕೆಗೆ ಒಂದು ಪಾರಿಭಾಷಿಕ ಹೆಸರು ಕೊಟ್ಟಿದ್ದಾನೆ: ಇರುವಿಕೆಯನ್ನು ಗುರುತಿಸಬೇಕು, ಆದರೆ ದಿಟ್ಟಿಸಬಾರದು. ಲೋಕಲ್ ಟ್ರೈನಿನಲ್ಲಿ ಇನ್ನೊಬ್ಬರ ಮುಖಕ್ಕೆ ನಾಲ್ಕು ಬೆರಳಿನ ಅಂತರದಲ್ಲಿ ನಿಂತು ಹೋಗುವ ನಾವೆಲ್ಲ ಅದನ್ನು ಓದದೆಯೇ ಕಲಿತಿದ್ದೇವೆ. ಅದು ಧರ್ಮವೋ, ಕಣ್ಣು ತಪ್ಪಿಸುವ ಸ್ವಾರ್ಥವೋ ಎಂದು ಕೇಳಿದರೆ, ಫುಟ್‌ಪಾತಿನ ವಿಷಯದಲ್ಲಿ ಎರಡೂ ಇದೆ ಎಂದೇ ಹೇಳಬೇಕು. ಅವರ ಮೈಯನ್ನು ನೋಡದಿರುವುದು ಮರ್ಯಾದೆ, ಅವರ ಪಾಡನ್ನು ನೋಡದಿರುವುದು ಮರ್ಯಾದೆಯಲ್ಲ. ಒಂದೇ ಕಣ್ಣು ಎರಡನ್ನೂ ಹೇಗೆ ಮಾಡಬೇಕು?

ಮೊದಲ ವಾರ ನಾನು ಬೆಳಿಗ್ಗೆ ಆರಕ್ಕೆ ಎದ್ದವನೇ ಕಡ್ಡಿ ತಿರುಗಿಸಿ ಪಟ್ಟಿ ತೆಗೆಯಲು ಹೋಗುತ್ತಿದ್ದೆ. ಅಷ್ಟು ಹೊತ್ತಿಗೆ ಅವ್ವ ಕುರ್ಚಿಯಲ್ಲಿ ಕೂತಿರುತ್ತಾಳೆ, ಕಡ್ಡಿ ಅವಳ ಬಲಗೈ ಹತ್ತಿರ. ಕೆಳಗೆ, ಅಂಗಡಿಗಳು ತೆರೆಯುವ ಮೊದಲು, ಆ ಹೆಂಗಸು ನಲ್ಲಿಯ ಪಕ್ಕ ಸೀರೆಯೊಂದನ್ನು ಅಡ್ಡ ಹಿಡಿಸಿಕೊಂಡು ಸ್ನಾನ ಮುಗಿಸುತ್ತಾಳೆ. ಬೀದಿಯವರಿಗೆ ಆ ಸೀರೆ ಸಾಕು, ಮೂರನೆಯ ಮಹಡಿಯವರಿಗೆ ಸಾಲದು.

"ಆ ಹೆಣ್ಮಗಳ ಜಳಕಾ ಮುಗೀಲಿ ತಡಿ," ಎಂದಳು ಅವ್ವ, ಕಡ್ಡಿಯ ಮೇಲೆ ಕೈಯಿಟ್ಟು. "ಆಮ್ಯಾಲೆ ತಗಿ."